ಆಟಿಕೆಯ ಮೈಮೇಲೆ ಖರ್ಚನ್ನು ಓದುವುದು ಹೇಗೆ? ಸಂಗ್ರಹಕಾರರಿಗೆ ಒಂದು ಮಾರ್ಗದರ್ಶಿ

"ಈ ಕಾರಿನ ತಳ ಪ್ಲಾಸ್ಟಿಕ್ ಯಾಕೆ?" "ಮುಂದಿನ ದೀಪಕ್ಕೆ ಬಣ್ಣ ಯಾಕೆ ಹಾಕಿಲ್ಲ?" "ನೋಡೋಕೆ ಒಂದೇ ಥರ ಇರೋ ಎರಡು ಕಾರಲ್ಲಿ ಒಂದಕ್ಕೆ ನಾಲ್ಕು ಪಟ್ಟು ಬೆಲೆ ಯಾಕೆ?" ಸಣ್ಣ ಕಾರು, ಗೊಂಬೆ ಕೂಡಿಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿದೆ. ಆ ಪುಸ್ತಕ ನಮ್ಮ ಕೈಗೆ ಸಿಗುವುದಿಲ್ಲ. ಆದರೆ ಅದರ ಬಹುಪಾಲು ಪುಟಗಳು ಆಟಿಕೆಯ ಮೈಮೇಲೇ ಇರುತ್ತವೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಇಲ್ಲಿ ಮುಖ್ಯ ಉದಾಹರಣೆಯಾಗಿ ಹಾಟ್ ವೀಲ್ಸ್ ಕಾರುಗಳನ್ನು ತೆಗೆದುಕೊಂಡಿದ್ದೇನೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಅವೇ. ಜೊತೆಗೆ 1968ರಿಂದ ಇಂದಿನವರೆಗೆ ಒಂದೊಂದು ಪೈಸೆ ಉಳಿಸಲು ಏನೇನು ಮಾಡಿದರು ಎಂಬುದು ಆ ಕಾರುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗೊಂಬೆಗಳ ಉದಾಹರಣೆ ಬೇಕಾದ ಕಡೆ ಅವೂ ಬರುತ್ತವೆ.

ಬೇಕಾದ ಸಾಮಾನು

ಒಂದು ಸಣ್ಣ ಟಾರ್ಚ್, ಮಿಲಿಮೀಟರ್ ಗುರುತಿರುವ ಸ್ಕೇಲು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಜೂಮ್ ಸಾಕು. ಅಯಸ್ಕಾಂತ ಬೇಡ. ಲೋಹದ ಕಾರು ಹೌದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡುವವರು ಬಹಳ ಜನ. ಈ ಕಾರುಗಳ ಮೈ ಜಮ್ಯಾಕ್‌ನದು. ಅಂದರೆ ಸತುವಿಗೆ ಅಲ್ಯುಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿದ ಮಿಶ್ರಲೋಹ. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಚಕ್ರದ ಕಡ್ಡಿಗೆ ಅಂಟಬಹುದು, ಅಷ್ಟೇ. ಕೈಗೆ ತಣ್ಣಗೆ ತಾಗುತ್ತದೆಯೇ, ತೂಕ ಎಷ್ಟಿದೆ ಎಂದು ನೋಡುವುದೇ ಒಳ್ಳೆಯ ಪರೀಕ್ಷೆ.

1. ಮೊದಲು ತಳ ತಿರುಗಿಸಿ

ಅಂಗಡಿಯಲ್ಲಿ ಎಲ್ಲರೂ ಕಾರಿನ ಮುಖ ನೋಡುತ್ತಾರೆ. ನೀವು ತಳ ನೋಡಿ.

ಎರಡು ಗುಂಡನೆ ಗುಬುಟು ಕಾಣುತ್ತವೆಯಲ್ಲ, ಅವು ರಿವೆಟ್. ಮೈಯ ಒಳಗಿನಿಂದ ಬಂದ ಲೋಹದ ಕಂಬದ ತುದಿಯನ್ನು ತಳದ ಹೊರಗೆ ಅಗಲ ಮಾಡಿ ಕೂರಿಸಿರುತ್ತಾರೆ. ಸ್ಕ್ರೂ ಹಾಕಿದರೆ ಅದಕ್ಕೊಂದು ಬೆಲೆ, ತಿರುಗಿಸುವ ಕೈಗೊಂದು ಕೂಲಿ. ರಿವೆಟ್‌ಗೆ ಬೇರೆ ಬಿಡಿಭಾಗವೇ ಬೇಡ. ಹಾಗಾಗಿ ಅಗ್ಗದ ಕಾರಿನಲ್ಲಿ ರಿವೆಟ್ ಇರುತ್ತದೆ. ದೊಡ್ಡ ಅಳತೆಯ ದುಬಾರಿ ಮಾದರಿಗಳಲ್ಲಿ ಸ್ಕ್ರೂ ಹೆಚ್ಚು.

ಆಮೇಲೆ ತಳ ಯಾವುದರದು ಎಂದು ನೋಡಿ. ಮಾಮೂಲಿ ಕಾರುಗಳಲ್ಲಿ, ಅಂದರೆ ಸಂಗ್ರಹಕಾರರು 'ಮೇನ್‌ಲೈನ್' ಅನ್ನುವ ಕಡಿಮೆ ಬೆಲೆಯ ಸಾಲಿನಲ್ಲಿ, ಈಗ ಹೆಚ್ಚಾಗಿ ಪ್ಲಾಸ್ಟಿಕ್ ತಳ. ದುಬಾರಿಯ 'ಪ್ರೀಮಿಯಂ' ಸಾಲಿನಲ್ಲಿ ಮೈಯೂ ಲೋಹ, ತಳವೂ ಲೋಹ. ಒಂದೇ ಮಾದರಿ ಹಿಂದೆ ಲೋಹದ ತಳದಲ್ಲಿ ಬಂದು ಆಮೇಲೆ ಪ್ಲಾಸ್ಟಿಕ್‌ಗೆ ಇಳಿದದ್ದೂ ಉಂಟು. ಕೆಲವು ಕಾರುಗಳಲ್ಲಿ ಇದು ತಿರುವುಮುರುವು. ಮೈ ಪ್ಲಾಸ್ಟಿಕ್, ತಳ ಲೋಹ. ಅದನ್ನು ಕಂಡು ಮೋಸ ಅಂದುಕೊಳ್ಳಬೇಡಿ. ತೂಕ ಕೆಳಗಿದ್ದರೆ ಕಾರು ಟ್ರ್ಯಾಕಿನ ಮೇಲೆ ಚೆನ್ನಾಗಿ ಓಡುತ್ತದೆ, ಲೋಹದ ಖರ್ಚೂ ಮಿತಿಯಲ್ಲಿರುತ್ತದೆ.

ಎಚ್ಚರಿಕೆ: ತಳದ ಮೇಲೆ ಇಸವಿ ಕೆತ್ತಿರುತ್ತದೆ. ಅದು ನಿಮ್ಮ ಕೈಲಿರುವ ಕಾರು ತಯಾರಾದ ವರ್ಷ ಅಲ್ಲ. ಆ ವಿನ್ಯಾಸದ ಹಕ್ಕು ನೋಂದಾದ ವರ್ಷ. ಹೊಸಬರು ಬೀಳುವ ಗುಂಡಿಗಳಲ್ಲಿ ಇದೇ ದೊಡ್ಡದು. ನಾನೂ ಬಿದ್ದಿದ್ದೇನೆ. "ಹಳೇ ಕಾಲದ್ದು ಸಾರ್" ಅಂತ ಒಬ್ಬರು ಕೊಟ್ಟರು. ತಳದಲ್ಲಿ ಇದ್ದ ಇಸವಿ ನೋಡಿ ಜಾಸ್ತಿ ದುಡ್ಡು ಕೊಟ್ಟು ತಂದೆ. ಅದು ತಯಾರಾಗಿ ಮೂರು ವರ್ಷವೂ ಆಗಿರಲಿಲ್ಲ. 2008ರಿಂದೀಚೆಗಿನ ಕಾರುಗಳ ತಳದಲ್ಲಿ ಒಂದು ಅಕ್ಷರ, ಎರಡು ಅಂಕಿಯ ಸಣ್ಣ ಗುರುತು ಬೇರೆಯೇ ಇರುತ್ತದೆ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ವಾರಕ್ಕೆ. ವಯಸ್ಸು ತಿಳಿಯಲು ಅದನ್ನು ನೋಡಿ.

ಹಾಗಾದರೆ ಹಳೆಯ ಇಸವಿ ಯಾಕೆ ಹಾಗೇ ಉಳಿದಿದೆ? ಅದಕ್ಕೆ ಮುಂದಿನ ಹಂತ.

2. ಅಚ್ಚು ಎಷ್ಟು ಸಲ ದುಡಿದಿದೆ ಎಂದು ನೋಡಿ

ಆಟಿಕೆಯ ಖರ್ಚಿನಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದದ್ದು ಒಂದಿದ್ದರೆ ಅದು ಅಚ್ಚು. ಉಳಿದದ್ದೆಲ್ಲ ಅದರ ಸುತ್ತ ತಿರುಗುತ್ತದೆ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ವಾ? ಮರದ ಎರಡು ಹೋಳು ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಕಾದ ಪಾಕ ಹುಯ್ಯುತ್ತಾರೆ. ಆರಿದ ಮೇಲೆ ಹೋಳು ಬಿಡಿಸಿದರೆ ಆನೆ, ಗೋಪುರ, ತುಳಸಿಕಟ್ಟೆ. ಪಕ್ಕದಲ್ಲಿ ಹೋಳು ಸೇರಿದ ಗೆರೆ ಉಳಿದಿರುತ್ತದೆ. ಆಟಿಕೆ ಕಾರ್ಖಾನೆಯಲ್ಲೂ ಇದೇ ತತ್ವ. ಮರದ ಬದಲು ಉಕ್ಕು, ಪಾಕದ ಬದಲು ಕರಗಿದ ಸತು ಅಥವಾ ಪ್ಲಾಸ್ಟಿಕ್, ರಬ್ಬರ್ ಬ್ಯಾಂಡಿನ ಬದಲು ಟನ್‌ಗಟ್ಟಲೆ ಒತ್ತುವ ಯಂತ್ರ. ನಿಮ್ಮ ಗೊಂಬೆಯ ತೋಳಿನ ಬದಿಯಲ್ಲಿ ಟಾರ್ಚ್ ಬಿಡಿ. ಆ ಗೆರೆ ಅಲ್ಲೂ ಸಿಗುತ್ತದೆ.

ಸಕ್ಕರೆ ಅಚ್ಚಿನಲ್ಲಿ ಆನೆಯ ಸೊಂಡಿಲನ್ನು ಗಾಳಿಯಲ್ಲಿ ಸುರುಳಿ ಸುತ್ತಿಸಲು ಆಗುವುದಿಲ್ಲ. ಹೋಳು ಬಿಡಿಸುವಾಗ ಮುರಿಯುತ್ತದೆ. ಉಕ್ಕಿನ ಅಚ್ಚೂ ಹಾಗೇ. ನೇರ ಎಳೆದಾಗ ಸಿಕ್ಕಿಕೊಳ್ಳುವ ಆಕಾರ ಬೇಕೆಂದರೆ ಪಕ್ಕದಿಂದ ಜಾರಿ ಬರುವ ಮೂರನೆಯ ತುಂಡು, ನಾಲ್ಕನೆಯ ತುಂಡು ಬೇಕು. ಒಂದೊಂದು ತುಂಡಿಗೂ ಅಚ್ಚಿನ ಬೆಲೆ ಏರುತ್ತದೆ. ಅಗ್ಗದ ಗೊಂಬೆಗಳ ಕೈ ಮೈಗೆ ಅಂಟಿಕೊಂಡಂತೆ, ಕೂದಲು ಒಂದೇ ಗಡ್ಡೆಯಂತೆ ಇರುವುದಕ್ಕೆ ಅರ್ಧ ಕಾರಣ ಇದು.

ಈಗ ಲೆಕ್ಕ. ಒಂದು ಅಚ್ಚಿಗೆ 20 ಲಕ್ಷ ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳೋಣ. ಅದರಿಂದ 2 ಲಕ್ಷ ಕಾರು ತೆಗೆದರೆ ಒಂದು ಕಾರಿನ ಮೇಲೆ ಬೀಳುವ ಅಚ್ಚಿನ ಪಾಲು 10 ರೂಪಾಯಿ. 2,000 ಮಾತ್ರ ತೆಗೆದರೆ 1,000 ರೂಪಾಯಿ! ಲೋಹ ಅದೇ, ಬಣ್ಣ ಅದೇ. ಬದಲಾದದ್ದು ಎಷ್ಟು ತೆಗೆದರು ಅನ್ನುವುದು ಮಾತ್ರ. ಅದಕ್ಕೇ ಕಾರ್ಖಾನೆಗಳು ಅಚ್ಚನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಇವತ್ತು ಕೆಂಪು, ಮುಂದಿನ ವರ್ಷ ನೀಲಿ, ಆಮೇಲೆ ಪೊಲೀಸ್ ಕಾರು. ತಳದ ಇಸವಿ ಹಳೆಯದೇ ಇರುತ್ತದೆ.

ಒಂದೇ ಅಚ್ಚನ್ನು ಹೇಗೆ ದುಡಿಸಿದರು ಎಂದು ನೋಡಬೇಕಾದರೆ 1982ರಲ್ಲಿ ಮ್ಯಾಟೆಲ್ (ಹಾಟ್ ವೀಲ್ಸ್ ಮಾಡುವ ಕಂಪನಿಯೇ) ತಂದ ಹೀ-ಮ್ಯಾನ್ ಎಂಬ ವೀರನ ಸಾಲಿನ ಗೊಂಬೆಗಳಿಗಿಂತ ಒಳ್ಳೆಯ ಪಾಠವಿಲ್ಲ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಹೊಸ ಅಚ್ಚೇ ಅಲ್ಲ. ಅದೇ ಕಂಪನಿಯ ಹಳೆಯ 'ಬಿಗ್ ಜಿಮ್' ಗೊಂಬೆಗಳ ಜೊತೆಗಿದ್ದ ಹುಲಿ. ಬಣ್ಣ ಬದಲಿಸಿ ತಡಿ ಹೊರಿಸಿದರು. ಫೇಕರ್ ಎಂಬ ಗೊಂಬೆಯಂತೂ ನೀಲಿ ಬಣ್ಣದ ಹೀ-ಮ್ಯಾನ್. ಎದೆಗೆ ಖಳನಾಯಕ ಸ್ಕೆಲಿಟರ್‌ನ ಕವಚ. ಅದೇ ಸಾಲಿನ ಬೀಸ್ಟ್ ಮ್ಯಾನ್ ಗೊಂಬೆಯ ಮೈಗೆ ಹಸಿರು ನೂಲಿನ ಪುಡಿ ಅಂಟಿಸಿ ಮಾಸ್ ಮ್ಯಾನ್ ಮಾಡಿದರು. ಸಾಲಿನ ಬಹುತೇಕ ಗೊಂಬೆಗಳಿಗೆ ಒಂದೇ ಥರದ ಉಬ್ಬಿದ ಎದೆ, ಬಾಗಿದ ಮೊಣಕಾಲು. ಮಕ್ಕಳಾಗಿದ್ದಾಗ ಆ ಲೋಕದ ಜನರೆಲ್ಲ ಹಾಗೇ ಇರುತ್ತಾರೆ ಅಂದುಕೊಂಡಿದ್ದೆವು. ಲೆಕ್ಕಿಗರು ಹಾಗೆ ಮಾಡಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಒಂದು ಸಾಲಿನ ಎರಡು ಗೊಂಬೆ ಪಕ್ಕಪಕ್ಕ ಇಡಿ. ತಲೆ, ಕೈ, ಕಾಲು, ಸೊಂಟಪಟ್ಟಿ ಒಂದೊಂದಾಗಿ ಹೋಲಿಸಿ. ಯಾವುದು ಹೊಸದು, ಯಾವುದು ಹಳೆಯದು ಎಂದು ಬರೆದಿಡಿ. ಹೊಸ ಅಚ್ಚು ಹೆಚ್ಚಿದ್ದಷ್ಟೂ ತಯಾರಕರು ಆ ಪಾತ್ರದ ಮೇಲೆ ನಂಬಿಕೆ ಇಟ್ಟು ದುಡ್ಡು ಹಾಕಿದ್ದಾರೆ ಎಂದರ್ಥ.

ಎಚ್ಚರಿಕೆ: ಹಳೆಯ ಅಚ್ಚು ಬಳಸಿದ ಗೊಂಬೆಗೆ ಬೆಲೆ ಬರುವುದಿಲ್ಲ ಎಂದು ಲೆಕ್ಕ ಹಾಕಬೇಡಿ. ಮರುಬಳಕೆಯವು ಅಪರೂಪವಾಗಿ, ದುಬಾರಿಯಾಗಿದ್ದೂ ಇದೆ. ಇಲ್ಲಿ ಓದುತ್ತಿರುವುದು ತಯಾರಿಕೆಯ ಖರ್ಚನ್ನು, ಮಾರುಕಟ್ಟೆಯ ಬೆಲೆಯನ್ನಲ್ಲ.

3. ಬಿಡಿಭಾಗ ಎಣಿಸಿ

ಮಾಮೂಲಿ ಹಾಟ್ ವೀಲ್ಸ್ ಕಾರಿನಲ್ಲಿ ಚಕ್ರ, ಕಡ್ಡಿ ಬಿಟ್ಟರೆ ಮುಖ್ಯ ಭಾಗ ನಾಲ್ಕೇ: ಮೈ, ತಳ, ಒಳಾಂಗಣ, ಗಾಜು. ವಿನ್ಯಾಸಗಾರರ ಜಾಣತನ ಇರುವುದು ಈ ನಾಲ್ಕರಲ್ಲೇ. ಟಾರ್ಚ್ ಹಿಡಿದು ಮುಂದಿನ ದೀಪ ನೋಡಿ. ಕೆಲವು ಕಾರಿನಲ್ಲಿ ಅದು ನಿಜಕ್ಕೂ ಪಾರದರ್ಶಕ. ಯಾಕೆಂದರೆ ಕಿಟಕಿ ಗಾಜಿನ ತುಂಡೇ ಒಳಗಿಂದ ಮುಂದೆ ಚಾಚಿ ದೀಪದ ತೂತಿನಲ್ಲಿ ಇಣುಕುತ್ತದೆ. ಹಿಂದಿನ ಬಂಪರ್ ಕಪ್ಪಗಿದೆಯೇ? ಅದು ಬಣ್ಣವಲ್ಲ, ಕಪ್ಪು ತಳದ ತುಂಡೇ ಮೇಲೆ ಬಂದಿದೆ. ಸೀಟಿನ ಬಣ್ಣವೇ ಬಾನೆಟ್ ಮೇಲಿನ ಎಂಜಿನ್ನಿಗೂ ಇದೆಯೇ? ಎರಡೂ ಒಂದೇ ತುಂಡು. ಒಂದು ಪೈಸೆ ಬಣ್ಣ ಖರ್ಚಾಗದೆ ಮೂರು ಬಣ್ಣ ಬಂತು. ಇಂಥದ್ದು ಕಂಡಾಗ ನನಗೆ ದುಬಾರಿ ಕಾರಿಗಿಂತ ಜಾಸ್ತಿ ಖುಷಿ.

ಬಾಗಿಲು, ಬಾನೆಟ್ ತೆರೆಯುವುದೂ ಬಿಡಿಭಾಗದ ಮಾತೇ. 1968ರ ಮೊದಲ 16 ಹಾಟ್ ವೀಲ್ಸ್ ಕಾರುಗಳಲ್ಲಿ ಹಲವಕ್ಕೆ ಬಾನೆಟ್ ತೆರೆಯುತ್ತಿತ್ತು. ಇಂದಿನ ಮೇನ್‌ಲೈನ್‌ನಲ್ಲಿ ಅದು ಬಲು ಅಪರೂಪ. ಒಂದು ಬಾನೆಟ್ ಎಂದರೆ ಒಂದು ಅಚ್ಚು, ಒಂದು ಕೀಲು, ಕೂರಿಸಲು ಒಂದು ಕೈ.

ಗೊಂಬೆಗಳಲ್ಲಿ ಇದೇ ಲೆಕ್ಕ ಕೀಲುಗಳಿಗೆ. 1978ರಲ್ಲಿ ಕೆನ್ನರ್ ಕಂಪನಿ ತಂದ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳಿಗೆ ಐದೇ ಕೀಲು: ಕತ್ತು, ಎರಡು ಭುಜ, ಎರಡು ತೊಡೆ. ಎತ್ತರ ಮೂರೂಮುಕ್ಕಾಲು ಇಂಚು. ಗೊಂಬೆ ಅಷ್ಟು ಚಿಕ್ಕದಾಗಿದ್ದರಿಂದಲೇ ಅದು ಕೂರುವ ವಿಮಾನಗಳನ್ನು ಜನ ಕೊಳ್ಳಬಹುದಾದ ಬೆಲೆಗೆ ಮಾಡಲು ಆಯಿತು. ಹನ್ನೆರಡು ಇಂಚಿನ ಗೊಂಬೆಗೆ ಹೊಂದುವ ವಿಮಾನ ಎಷ್ಟು ದೊಡ್ಡದಾಗಬೇಕಿತ್ತು, ಯೋಚಿಸಿ.

ಆ ಸಾಲಿನಲ್ಲಿ ಖರ್ಚು ಉಲ್ಟಾ ಹೋದ ಒಂದು ಪ್ರಸಂಗವೂ ಇದೆ. ಜಾವಾ ಎಂಬ ಕುಳ್ಳ ಪಾತ್ರಕ್ಕೆ ಮೊದಲು ವಿನೈಲ್ ಹಾಳೆಯ ಮೇಲಂಗಿ ಇತ್ತು. ಗೊಂಬೆ ಮಿಕ್ಕವುಗಳಿಗಿಂತ ಚಿಕ್ಕದು, ಬೆಲೆ ಮಾತ್ರ ಅಷ್ಟೇ. ಕೊಟ್ಟ ದುಡ್ಡಿಗೆ ಕಡಿಮೆಯಾಯಿತು ಅನಿಸದಿರಲಿ ಎಂದು ಬಟ್ಟೆಯ ಮೇಲಂಗಿಗೆ ಬದಲಿಸಿದರು. ಸ್ವಲ್ಪ ಕಾಲ ಮಾತ್ರ ಬಂದ ವಿನೈಲ್ ಮೇಲಂಗಿಯದ್ದೇ ಈಗ ಭಾರಿ ಬೆಲೆಯ ವಸ್ತು. ಅದಕ್ಕೇ ನಕಲಿ ಮೇಲಂಗಿಗಳೂ ಬೇಕಾದಷ್ಟು ಓಡಾಡುತ್ತಿವೆ.

4. ಬಣ್ಣದ ಹೊಡೆತ ಎಣಿಸಿ

ಕಾರಿನ ಮೇಲಿನ ಗೆರೆ, ನಂಬರು, ಲಾಂಛನ ಸ್ಟಿಕರ್ ಅಲ್ಲ. 'ಟ್ಯಾಂಪೋ' ಎಂಬ ಮುದ್ರಣ. ಮೆತ್ತನೆಯ ಸಿಲಿಕೋನ್ ದಿಂಬು ಕೊರೆದ ತಗಡಿನಿಂದ ಶಾಯಿ ಎತ್ತಿಕೊಂಡು ಕಾರಿನ ಮೇಲೆ ಒತ್ತುತ್ತದೆ. ರಬ್ಬರ್ ಸ್ಟ್ಯಾಂಪ್ ಥರವೇ, ಆದರೆ ಬಾಗಿದ ಮೈಗೂ ಹೊಂದಿಕೊಳ್ಳುತ್ತದೆ. ಒಂದು ಬಣ್ಣಕ್ಕೆ ಒಂದು ಹೊಡೆತ. ಎಡಪಕ್ಕ, ಬಲಪಕ್ಕ, ಮೇಲೆ, ಮುಂದೆ, ಹಿಂದೆ, ಒಂದೊಂದು ಕಡೆಗೂ ಬೇರೆ ಬೇರೆ.

ನಿಮ್ಮ ಕಾರನ್ನು ಐದೂ ಕಡೆಯಿಂದ ನೋಡಿ ಹೊಡೆತ ಎಣಿಸಿ. ಮೇನ್‌ಲೈನ್‌ನಲ್ಲಿ ಪಕ್ಕದಲ್ಲೋ ಮೇಲೋ ಎರಡು ಮೂರು ಬಣ್ಣ ಇದ್ದು, ಮುಂದೆ ಹಿಂದೆ ಖಾಲಿ ಇರುವುದು ಸಾಮಾನ್ಯ. ದೀಪಕ್ಕೆ ಬಣ್ಣ ಇಲ್ಲ ಅನ್ನುವ ದೂರಿಗೆ ಉತ್ತರ ಇದು. ಪ್ಯಾಕೆಟ್ಟಿನಲ್ಲಿ ಪಕ್ಕ ಕಾಣುತ್ತದೆ, ಆ ಪಕ್ಕಕ್ಕೆ ದುಡ್ಡು ಹೋಯಿತು. ಪ್ರೀಮಿಯಂ ಕಾರಿನಲ್ಲಿ ಮುಂದಿನ ದೀಪ, ಹಿಂದಿನ ದೀಪ ಎಲ್ಲವೂ ಮುದ್ರಣವಾಗಿರುತ್ತವೆ. ನೀವು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಆ ಹೊಡೆತಗಳಿಗೆ, ಇನ್ನೊಂದು ಪಾಲು ರಬ್ಬರ್ ಟೈರಿಗೆ.

ಹಳೆಯ ಕಾರು ಸಿಕ್ಕರೆ ಈ ಇಸವಿಗಳು ನೆನಪಿರಲಿ. 1968ರ ಕಾರುಗಳಿಗೆ 'ಸ್ಪೆಕ್ಟ್ರಾಫ್ಲೇಮ್' ಎಂಬ ಪಾರದರ್ಶಕ ಬಣ್ಣ. ಹೊಳಪು ಕೊಟ್ಟ ಲೋಹದ ಮೇಲೆ ತೆಳ್ಳನೆ ಬಣ್ಣದ ಪರದೆ. ಕೆಳಗಿನ ಲೋಹ ಕಾಣುವುದರಿಂದ ಅದರಲ್ಲಿ ಒಂದು ಕಲೆಯೂ ಇರುವಂತಿಲ್ಲ, ಖರ್ಚು ಜಾಸ್ತಿ. 1970ರಲ್ಲಿ ಮೊದಲಿನ ತೂಗಾಡುವ ಸಸ್ಪೆನ್ಷನ್ ತೆಗೆದು ಸರಳವಾದದ್ದನ್ನು ತಂದರು. 1973ರಲ್ಲಿ ಸ್ಪೆಕ್ಟ್ರಾಫ್ಲೇಮ್ ಹೋಗಿ ಮಾಮೂಲಿ ಎನಾಮಲ್ ಬಣ್ಣ ಬಂತು. ಅದು ಲೋಹದ ಕಲೆಯನ್ನೆಲ್ಲ ಮುಚ್ಚುತ್ತದೆ. ಬರಿಯ ಒಂದು ಬಣ್ಣದ ಕಾರು ಸಪ್ಪೆ ಅನ್ನಿಸಿದ್ದರಿಂದಲೋ ಏನೋ 1974ರಲ್ಲಿ ಟ್ಯಾಂಪೋ ಚಿತ್ತಾರ ಶುರುವಾಯಿತು. 1977ರಲ್ಲಿ ಚಕ್ರದ ಮೇಲಿನ ಕೆಂಪು ಗೆರೆಯೂ ಹೋಯಿತು. 1983ರಲ್ಲಿ ಬಂದ ರಬ್ಬರ್ ಟೈರುಗಳಿಗೆ ಬೇಡಿಕೆ ಚೆನ್ನಾಗಿದ್ದರೂ ಖರ್ಚು ಭಾರವಾಗಿ ಮಾಮೂಲಿ ಸಾಲಿನಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಅಮೆರಿಕದಲ್ಲಿ ಈ ಕಾರುಗಳ ಬೆಲೆ ದಶಕಗಳ ಕಾಲ ಒಂದು ಡಾಲರಿನ ಆಸುಪಾಸಿನಲ್ಲೇ ನಿಂತಿತ್ತು. ಬೆಲೆ ಏರಿಸಲಾಗದಿದ್ದರೆ ಕಾರಿನಿಂದಲೇ ಏನಾದರೂ ತೆಗೆಯಬೇಕಾಗುತ್ತದೆ.

ತಮಾಷೆ ಅಂದರೆ, ಉಳಿತಾಯಕ್ಕೆ ಮಾಡಿದ 1973ರ ಕಾರುಗಳು ಆಗ ಕಡಿಮೆ ಮಾರಾಟವಾದವು, ಹಾಗಾಗಿ ಈಗ ಅಪರೂಪ. ಇತ್ತೀಚೆಗೆ ಬಣ್ಣವನ್ನೇ ಹಾಕದ ಬರಿ ಲೋಹದ 'ಜಮ್ಯಾಕ್' ಕಾರುಗಳನ್ನು ವಿಶೇಷ ಆವೃತ್ತಿ ಎಂದು ಮಾರುತ್ತಾರೆ. ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ, ನಾನೂ ಸೇರಿ.

ಎಚ್ಚರಿಕೆ: ಮಾಮೂಲಿ ಕಾರುಗಳ ನಡುವೆ ಬೆರೆಸಿ ಬಿಡುವ ಅಪರೂಪದ 'ಟ್ರೆಷರ್ ಹಂಟ್' ಕಾರುಗಳು 1995ರಿಂದ ಇವೆ. 2007ರಿಂದ ಅದರಲ್ಲೇ 'ಸೂಪರ್' ಎಂಬ ಮೇಲಿನ ದರ್ಜೆ. ಅಚ್ಚು ಮೇನ್‌ಲೈನ್‌ನದೇ, ಪ್ಯಾಕೆಟ್ಟೂ ಅದೇ ಸಾಲಿನದು. ಬಣ್ಣ ಸ್ಪೆಕ್ಟ್ರಾಫ್ಲೇಮ್, ಟೈರು ರಬ್ಬರ್. ಮುಖ್ಯ ವ್ಯತ್ಯಾಸ ಇಷ್ಟೇ ಆದ್ದರಿಂದ ನಕಲು ಮಾಡುವುದೂ ಸುಲಭ. ಬಿಡಿ ಕಾರು ಕೊಳ್ಳುವಾಗ ರಿವೆಟ್ ನೋಡಿ. ಕೊರೆದು ಮತ್ತೆ ಅಂಟಿಸಿದ ಗುರುತಿದ್ದರೆ ಯಾರೋ ಟೈರು ಬದಲಿಸಿದ್ದಾರೆ.

5. ಅಳತೆ ತೆಗೆಯಿರಿ

ಹಾಟ್ ವೀಲ್ಸ್ 1:64 ಅನ್ನುತ್ತಾರೆ, ಅಂದರೆ ನಿಜವಾದ ಕಾರಿನ 64ನೇ ಒಂದು ಭಾಗ. ಸ್ಕೇಲ್ ಹಿಡಿದು ನೋಡಿ. ಹಳೆಯ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. 64ರಿಂದ ಭಾಗಿಸಿದರೆ 67 ಮಿಲಿಮೀಟರ್. ಅದೇನೋ ಸರಿಹೋಗುತ್ತದೆ. 12 ಮೀಟರಿನ ಬಸ್ಸು ಅದೇ ಲೆಕ್ಕದಲ್ಲಿ 187 ಮಿಲಿಮೀಟರ್ ಆಗಬೇಕು. ಆದರೆ ಅದೇ ಪ್ಯಾಕೆಟ್ಟಿನಲ್ಲಿ ಬರುವ ಬಸ್ಸು 75 ಮಿಲಿಮೀಟರ್ ಇದ್ದರೆ ಅದು 1:160 ಆಯಿತು. ಕಾರಣ ಸರಳ. ಒಂದೇ ಅಳತೆಯ ಪ್ಯಾಕೆಟ್ಟು, ಒಂದೇ ಬೆಲೆ, ಒಂದೇ ಅಗಲದ ಟ್ರ್ಯಾಕ್. ಕಾರನ್ನು ಅದಕ್ಕೆ ಹೊಂದಿಸುತ್ತಾರೆ.

ಇದು ಹೊಸದೇನಲ್ಲ. ಮ್ಯಾಚ್‌ಬಾಕ್ಸ್ ಕಾರುಗಳಿಗೆ ಆ ಹೆಸರು ಬಂದದ್ದೇ ಬೆಂಕಿಪೆಟ್ಟಿಗೆಯಂಥ ಡಬ್ಬಿಯಿಂದ. ಜಪಾನಿನಲ್ಲಿ 1980ರ ಜುಲೈನಲ್ಲಿ ಬಂಡಾಯ್ ತಂದ ಮೊದಲ ಗುಂಡಮ್ ಕಿಟ್ಟಿನ ಬೆಲೆ 300 ಯೆನ್. ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರಮಾನವ ಅದರಲ್ಲಿ 12.5 ಸೆಂಟಿಮೀಟರ್. ಜೋಡಿಸುವ ಕೂಲಿಯೂ ಇಲ್ಲ, ಕೊಂಡವರೇ ಕೂತು ಜೋಡಿಸಿಕೊಳ್ಳಬೇಕು. ಅದನ್ನೇ ಜನ ಹವ್ಯಾಸ ಮಾಡಿಕೊಂಡರು ನೋಡಿ!

ಬೇರೆ ಬೇರೆ ತಯಾರಕರ ಕಾರು ಹೋಲಿಸುವಾಗ ಯಾರದು ಚೆನ್ನ ಎಂದು ಕೇಳುವ ಬದಲು ಯಾರು ಎಲ್ಲಿ ದುಡ್ಡು ಹಾಕಿದ್ದಾರೆ ಎಂದು ಕೇಳಿ. ಜಪಾನಿನ ಟೋಮಿಕಾದಲ್ಲಿ ಒತ್ತಿದರೆ ಕುಣಿಯುವ ಸಸ್ಪೆನ್ಷನ್, ಎಷ್ಟೋ ಮಾದರಿಗಳಲ್ಲಿ ತೆರೆಯುವ ಬಾಗಿಲು. ಮಿನಿ ಜಿಟಿ ಕಾರಿನಲ್ಲಿ ಸಾಮಾನ್ಯವಾಗಿ ಏನೂ ತೆರೆಯುವುದಿಲ್ಲ, ಆದರೆ ಪಕ್ಕದ ಕನ್ನಡಿ, ರಬ್ಬರ್ ಟೈರು, ಸೂಕ್ಷ್ಮ ಮುದ್ರಣ ಎಲ್ಲ ಇವೆ. ಮೊದಲನೆಯದು ಆಡುವವರಿಗೆ, ಎರಡನೆಯದು ನೋಡುವವರಿಗೆ.

6. ವಸ್ತು ನೋಡಿ ಎಷ್ಟು ತಯಾರಾಗಿರಬಹುದು ಎಂದು ಊಹಿಸಿ

ಗಟ್ಟಿ ಪ್ಲಾಸ್ಟಿಕ್, ಚೂಪಾದ ಅಂಚು, ಹಲವು ಕೀಲು ಇದ್ದರೆ ಉಕ್ಕಿನ ಅಚ್ಚು. ಸಾವಿರಗಟ್ಟಲೆ ತಯಾರಾಗಿದೆ.

ಮೆತ್ತಗೆ, ಒಳಗೆ ಟೊಳ್ಳು, ಕತ್ತು ಕೈ ಮಾತ್ರ ತಿರುಗುತ್ತವೆಯೇ? ಅದು ಮೆದು ವಿನೈಲ್. ಜಪಾನಿನಲ್ಲಿ 'ಸೋಫುಬಿ' ಅನ್ನುತ್ತಾರೆ. ಮೇಣದ ಮಾದರಿಯ ಸುತ್ತ ತಾಮ್ರ ಬೆಳೆಸಿ ಅಚ್ಚು ಮಾಡುತ್ತಾರೆ. ಉಕ್ಕಿನದ್ದಕ್ಕಿಂತ ಬಹಳ ಅಗ್ಗ. ಬಿಸಿ ಇರುವಾಗಲೇ ಇಕ್ಕಳದಲ್ಲಿ ಹಿಡಿದು ಎಳೆದು ತೆಗೆಯುತ್ತಾರೆ. ವಿನೈಲ್ ಬಗ್ಗುವುದರಿಂದ ಉಬ್ಬುತಗ್ಗಿನ ಆಕಾರವೂ ಹೊರಬರುತ್ತದೆ. ಒಬ್ಬಿಬ್ಬರು ಕಲಾವಿದರು ಸೇರಿ ಮಾಡುವ ರಾಕ್ಷಸ ಗೊಂಬೆಗಳೆಲ್ಲ ದುಂಡುದುಂಡಗೆ ಇರುವುದು ಇದರಿಂದ.

ಭಾರ, ಬಿದ್ದರೆ ಒಡೆಯುವಂತಿದೆ, ಕೀಲೇ ಇಲ್ಲ ಅಂದರೆ ರೆಸಿನ್ ಎರಕ, ಅಂದರೆ ದ್ರವವಾಗಿ ಹುಯ್ದ ಮೇಲೆ ಗಟ್ಟಿಯಾಗುವ ವಸ್ತುವಿನದು. ಸಿಲಿಕೋನ್ ರಬ್ಬರ್ ಅಚ್ಚು ಕೆಲವು ಹತ್ತು ಎರಕಕ್ಕೇ ಸವೆಯುತ್ತದೆ. ಅಚ್ಚಿನ ಖರ್ಚು ಕಡಿಮೆ, ಕೈಕೆಲಸ ಜಾಸ್ತಿ, ಬೆಲೆಯೂ ಜಾಸ್ತಿ.

ಅಚ್ಚೇ ಇಲ್ಲದ ಆಟಿಕೆ ಬೇಕೆಂದರೆ ಚನ್ನಪಟ್ಟಣಕ್ಕೆ ಹೋಗಿ. ಹಾಲೆಮರವನ್ನು ಲೇತ್‌ಗೆ ಕಟ್ಟಿ ತಿರುಗಿಸಿ ಉಳಿ ಹಿಡಿಯುತ್ತಾರೆ. ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಲೇತ್‌ನಲ್ಲಿ ಸುಲಭವಾಗಿ ಬರುವುದು ಗುಂಡನೆಯದೇ. ಹಾಗಾಗಿ ಅಲ್ಲಿ ತಲೆ ಗುಂಡು, ಮೈ ಗುಂಡು, ಬಣ್ಣ ಉಂಗುರ ಉಂಗುರ. ಗುಂಡಲ್ಲದ ಕಿವಿ, ಬಾಲ, ರೆಕ್ಕೆ ಬಂದ ಕೂಡಲೇ ಬೇರೆ ಕೆತ್ತಿ ಅಂಟಿಸಬೇಕು. ಅಲ್ಲಿ ಸಾವಿರ ಮಾಡಿದರೂ ಒಂದರ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಚನ್ನಪಟ್ಟಣದ ಆನೆಯನ್ನು ಹಾಟ್ ವೀಲ್ಸ್ ಬೆಲೆಗೆ ಕೇಳಿ ಚೌಕಾಸಿ ಮಾಡುವವರಿಗೆ ಇದನ್ನು ಹೇಳಿ.

7. ಡಬ್ಬಿಯ ಮೇಲಿನ ವಯಸ್ಸು ಓದಿ

ದುಬಾರಿ ಗೊಂಬೆಯ ಡಬ್ಬಿಯಲ್ಲಿ "14+" ಅಥವಾ "15+" ಎಂದಿರುತ್ತದೆ. ಅದರಲ್ಲೂ ಖರ್ಚಿನ ಲೆಕ್ಕವಿದೆ. ಅಮೆರಿಕದಲ್ಲಿ 2008ರ ಕಾನೂನಿನಂತೆ 12 ವರ್ಷದವರೆಗಿನ ಮಕ್ಕಳ ವಸ್ತುಗಳನ್ನು ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ಕತ್ತಿ, ತೆಳು ಆಂಟೆನಾ, ಬಿಚ್ಚಿಬರುವ ಸಣ್ಣ ತುಂಡು ಇರುವ ಗೊಂಬೆ ದೊಡ್ಡವರ ಸಾಲಿಗೆ ಹೋಗುತ್ತದೆ. ಮಕ್ಕಳ ಸಾಲಿನಲ್ಲೇ ಉಳಿದರೆ ಕತ್ತಿ ಮೊಂಡಾಗುತ್ತದೆ, ಮೆತ್ತಗಾಗುತ್ತದೆ. ಸೋಮಾರಿತನ ಅಂತ ಬೈಯಬೇಡಿ.

ಹೊರದೇಶದಿಂದ ತರಿಸುವವರಿಗೆ ಇನ್ನೊಂದು ಮಾತು. ಆಟಿಕೆಯ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದರು. ತೆರಿಗೆ ಇದರ ಮೇಲೆ ಬೇರೆ. ಸಾಗಣೆ ಖರ್ಚು ಸೇರಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ. ಹಾಗಾಗಿ ಆರ್ಡರ್ ಹಾಕುವ ಮೊದಲು ಇವತ್ತಿನ ದರ ನೋಡಿ, ಕಾಗದದ ಮೇಲೆ ಕೂಡಿ ನೋಡಿ.

ಇಷ್ಟು ಓದುವ ಅಭ್ಯಾಸವಾದ ಮೇಲೆ ರಿವೆಟ್ ಕೊರೆದು ಒಳಗೆ ನೋಡುವ ಆಸೆ ಬಂದೇ ಬರುತ್ತದೆ. ಬಂದರೆ ತಡೆಯಬೇಡಿ. ಆದರೆ ಮೊದಲು ಮನೆಯ ಮಕ್ಕಳು ಆಡಿ ಬಣ್ಣ ಕಿತ್ತ ಒಂದು ಕಾರನ್ನು ಕೇಳಿ ಪಡೆದು ಅದನ್ನು ಕೊರೆಯಿರಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸತುವಿನ ಚೂರು ಸಿಡಿಯುತ್ತದೆ.